ಕರಡಿ ಮೇಷ್ಟ್ರ ಬೆನ್ನು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಮ್ಯಾನೇಜರ ಮೊಮ್ಮಗಳು. ಮೂರು ವರ್ಷದ ಆ ಪುಟಾಣಿ ಹೋದ ತಿಂಗಳು ತಾತನ ಬೆರಳು ಹಿಡಿದುಕೊಂಡು ಈಜುಕೊಳ ನೋಡಲು ಬಂದಿದ್ದಳು. ಅದೇ ಹೊತ್ತಿಗೆ ಸರಿಯಾಗಿ ನೀರಿನೊಳಗಿಂದ ಮೊದಲು ಒಂದು ಬೆನ್ನು, ಆಮೇಲೆ ಒಂದು ತಲೆ ಮೇಲೆದ್ದವು. ಎರಡೂ ನಮ್ಮ ಈಜು ಮೇಷ್ಟ್ರವೇ. ಮಗು ಆ ಬೆನ್ನು ನೋಡಿದ್ದೇ ತಡ, ಪಕ್ಕದ ಮರದ ಕಾಗೆಗಳೆಲ್ಲ ಎದ್ದು ಹಾರುವ ಹಾಗೆ "ಕರಡೀ!" ಎಂದು ಕಿರುಚಿದಳು. ತಾತ ಅವಳನ್ನು ಬಾಚಿ ಎತ್ತಿಕೊಂಡು ಆಫೀಸಿನೊಳಗೆ ಓಡಿದರು. ಅಂದಿನಿಂದ ಮೇಷ್ಟ್ರಿಗೆ ಕರಡಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮಗುವಿನ ತಪ್ಪೇನೂ ಇಲ್ಲ ಬಿಡಿ. ಮೇಷ್ಟ್ರ ತಲೆಯ ಮೇಲೆ ಇರಬೇಕಾದ ಕೂದಲೆಲ್ಲ ದಾರಿ ತಪ್ಪಿ ಬೆನ್ನಿಗಿಳಿದು ಅಲ್ಲೇ ಬೀಡುಬಿಟ್ಟಿತ್ತು. ಕುತ್ತಿಗೆಯಿಂದ ಸೊಂಟದವರೆಗೆ, ಕಾಲೊರಸು ಹಾಸಿದಂತೆ. ಒದ್ದೆಯಾದಾಗ ಅದು ಒಂದೇ ಕಡೆ ಮಲಗಿ ಮಿರಮಿರ ಮಿನುಗುತ್ತಿತ್ತು. ಹೆಂಡತಿಗೆ ಅದು ಅಭ್ಯಾಸವಾಗಿತ್ತು, ಮೇಷ್ಟ್ರಿಗೆ ಕಾಣುತ್ತಲೇ ಇರಲಿಲ್ಲ. ಹೀಗಾಗಿ ಮದುವೆಯಾಗಿ ಹತ್ತು ವರ್ಷ ಆ ಬೆನ್ನಿನ ಸುದ್ದಿಗೆ ಯಾರೂ ಹೋಗಿರಲಿಲ್ಲ.

ಹೆಸರಿಗೂ ಮೇಷ್ಟ್ರು ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮ್ಯಾನೇಜರು ಒಂದು ದಿನ ಎಲ್ಲರನ್ನೂ ಕರೆದು, ಸೋಮವಾರದಿಂದ ಪುಟಾಣಿಗಳ ಬ್ಯಾಚು ಶುರು, ಅದನ್ನು ನಡೆಸುವ ಮೇಷ್ಟ್ರ ಕೆಲಸ ಖಾಯಂ ಎಂದುಬಿಟ್ಟರು. ಈಜುಕೊಳದ ಕೆಲಸವೆಂದರೆ ಬಿಸಿಲುಗಾಲದ ಕೆಲಸ. ಚಳಿ ಬಿತ್ತೆಂದರೆ ಕೊಳ ಖಾಲಿ, ಮೇಷ್ಟ್ರು ಮನೆಗೆ. ಆಮೇಲೆ ಹೆಂಡತಿಯ ಹೊಲಿಗೆ ಮಿಷನ್ನು ಗಡಗಡ ಎಂದರೆ ಮನೆಯಲ್ಲಿ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಖಾಯಂ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೇಷ್ಟ್ರ ಎದೆ ಡವಡವ ಹೊಡೆದುಕೊಂಡಿತು.

"ನೋಡಿದ ತಕ್ಷಣ ಮಕ್ಕಳ ಮುಖ ಅರಳ್ಬೇಕು. ಅಂಥ ಮೇಷ್ಟ್ರು ಬೇಕು ನಂಗೆ. ಶನಿವಾರ ಸಂಜೆ ಅಪ್ಪ ಅಮ್ಮಂದಿರ ಎದುರಿಗೇ ಯಾರು ಅಂತ ಹೇಳ್ತೀನಿ," ಎಂದ ಮ್ಯಾನೇಜರು, ಹಾಗೆನ್ನುವಾಗ ಕರಡಿ ಮೇಷ್ಟ್ರ ಬೆನ್ನಿನ ಕಡೆ ಒಂದು ನೋಟ ಹರಿಸಿ ಮುಸಿಮುಸಿ ನಕ್ಕರು.

ಆ ನಗು ಮೇಷ್ಟ್ರ ಕರುಳಿಗೆ ಕೈ ಹಾಕಿತು. ಯಾಕೆಂದರೆ ಪಕ್ಕದಲ್ಲೇ ನಿಂತಿದ್ದವನು ಬೆಣ್ಣೆ ಮೇಷ್ಟ್ರು. ವಯಸ್ಸಿನಲ್ಲಿ ಚಿಕ್ಕವನು, ಮುಖದಿಂದ ಅಂಗಾಲಿನವರೆಗೆ ಎಲ್ಲಿ ನೋಡಿದರೂ ನುಣ್ಣಗೆ, ಈಗ ತಾನೇ ತೊಳೆದಿಟ್ಟ ತಟ್ಟೆಯಂತೆ ಫಳಫಳ. ಮಕ್ಕಳು ಅವನನ್ನು ಕಂಡರೆ ಕೈ ಚಾಚಿ ಓಡಿಬರುತ್ತಿದ್ದವು.

ಮೇಷ್ಟ್ರು ಹಟಕ್ಕೆ ಬಿದ್ದರು. ಬೈಕು ಮಾರಿದರು. ಶುಕ್ರವಾರ ಸಂಜೆ ಕೂದಲು ತೆಗೆಯುವ ಲೇಸರ್ ಕ್ಲಿನಿಕ್ಕಿಗೆ ಹೋಗಿ, ಆ ದುಡ್ಡು ಸುರಿದು ಬೋರಲು ಮಲಗಿದರು. ಅಲ್ಲಿಯ ಸಿಸ್ಟರು ಮೊದಲು ಬೆನ್ನು ನುಣ್ಣಗೆ ಬೋಳಿಸಿ, ಆಮೇಲೆ ಯಂತ್ರವನ್ನು ಚುರ್ ಚುರ್ ಎಂದು ಓಡಿಸಿ, ಕೊನೆಗೆ ತಣ್ಣನೆ ಜೆಲ್ಲಿನ ಡಬ್ಬಿ ಕೈಗಿಟ್ಟರು.

"ಅರ್ಧ ಕೆಲಸ ನಂದು, ಇನ್ನರ್ಧ ನಿಮ್ದು. ಎರಡು ದಿನ ಬಿಸಿಲು ಬೇಡ, ಬಿಸಿನೀರು ಬೇಡ, ಬೆವರು ಬೇಡ, ಬಿಗಿ ಬಟ್ಟೆ ಬೇಡ. ಈಜುಕೊಳದ ನೀರಂತೂ ಬೇಡವೇ ಬೇಡ. ಕೆರೀಬೇಡಿ, ಉಜ್ಜಬೇಡಿ, ಒರಗಬೇಡಿ. ಘಮಘಮ ಅನ್ನೋ ಎಣ್ಣೆ, ಕ್ರೀಮು ಹತ್ರಾನೂ ಸುಳೀಬಾರ್ದು. ತಣ್ಣನೆ ಒದ್ದೆ ಬಟ್ಟೆ, ಈ ಜೆಲ್ಲು, ಅಷ್ಟೇ."

"ಕೆಂಪಗಾದ್ರೆ?"

"ಆಗೇ ಆಗತ್ತೆ. ಚುಕ್ಕೆ ಚುಕ್ಕೆ ಏಳತ್ತೆ, ತಾನಾಗೇ ಇಳಿಯತ್ತೆ. ನೀವು ಉಪದ್ವ್ಯಾಪ ಮಾಡಿದ್ರೆ ಮಾತ್ರ ಕಲೆಯಾಗಿ ಕೂತ್ಕೊಳ್ಳತ್ತೆ." ಸಿಸ್ಟರು ಕೈ ಒರೆಸಿಕೊಳ್ಳುತ್ತ ತುಟಿ ಕೊಂಕಿಸಿದರು. "ಗಂಡಸರು ಒಬ್ರೂ ಹೇಳಿದ್ದು ಕೇಳಲ್ಲ. ಮಾರನೇ ದಿನವೇ ಬಿಸಿನೀರು ಹುಯ್ಕೊಂಡು ಅಳ್ತಾ ಬರ್ತಾರೆ. ನೀವೂ ಬರ್ತೀರಿ, ನೋಡ್ತಾ ಇರಿ."

ಎಡವಟ್ಟು ಅಲ್ಲೇ ಆಗಿದ್ದು. ಮೇಷ್ಟ್ರು ಎದ್ದು ಕೂತು, ಬರಿಮೈಯಲ್ಲೇ ಎದೆ ಸೆಟೆಸಿ, "ಸಿಸ್ಟರ್, ಪ್ರಾಣ ಹೋದ್ರೂ ಸರಿ, ನೀವು ಹೇಳಿದ್ದರಲ್ಲಿ ಒಂದಕ್ಷರ ತಪ್ಪಲ್ಲ," ಎಂದರು. ಪಾಪ, ಮನುಷ್ಯ ಮಾತಿಗೆ ತಪ್ಪುವವರಲ್ಲ. ಅದೇ ಅವರ ಗ್ರಹಚಾರ.

ಶನಿವಾರ ಬೆಳಿಗ್ಗೆ ಹೆಂಡತಿ ಜೆಲ್ಲು ಹಚ್ಚುತ್ತ, "ರೀ, ಪುಕ್ಕ ಕಿತ್ತ ಕೋಳಿ ಥರ ಆಗಿದೆ ಕಣ್ರೀ," ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಗು, ನಗು. ಖಾಯಂ ಆದ್ಮೇಲೆ ನಾನೂ ನಗ್ತೀನಿ. ಸಡಿಲವಾಗಿರೋ ಅಂಗಿ ಯಾವುದಾದ್ರೂ ಕೊಡೇ."

ಸಡಿಲವಾದ ಅಂಗಿ ಮನೆಯಲ್ಲಿದ್ದದ್ದು ಒಂದೇ. ಅವಳ ತಮ್ಮ ಊಟಕ್ಕೆ ಬಂದಾಗ ಬಿಟ್ಟುಹೋದದ್ದು. ಆ ಭಾವಮೈದುನ ಆಟೋದಲ್ಲಿ ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಅವನ ಅಂಗಿಯೊಳಗೆ ಮೇಷ್ಟ್ರು ಸಂಸಾರ ಸಮೇತ ವಾಸ ಮಾಡಬಹುದಿತ್ತು. ಅದನ್ನು ತೊಟ್ಟು, ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿಕೊಂಡು, ಬೆನ್ನಿಗೆ ಬಟ್ಟೆ ಸೋಕದಂತೆ ಕೋಲಿನ ಹಾಗೆ ನೆಟ್ಟಗೆ ಹೊರಟರು.

ಪಕ್ಕದ ಮನೆಯ ಜಗಲಿಯಲ್ಲಿ ಲಾಯರ್ ಮಾವ ಪೇಪರು ಓದುತ್ತಿದ್ದರು. ಕೋರ್ಟಿನಿಂದ ರಿಟೈರಾಗಿ ವರ್ಷಗಳಾದರೂ ವಾದ ಮಾಡುವ ಚಟ ರಿಟೈರಾಗಿರಲಿಲ್ಲ. ಹಾಲಿನವನೊಡನೆ, ನಲ್ಲಿ ರಿಪೇರಿಯವನೊಡನೆ, ಯಾರೂ ಸಿಗದಿದ್ದರೆ ಪೇಪರಿನೊಡನೆ ವಾದ ಮಾಡುತ್ತಿದ್ದರು.

"ಏನ್ರೀ ಮೇಷ್ಟ್ರೇ, ಬೆನ್ನು ಹಿಡ್ಕೊಂಡಿದೆಯಾ?"

"ಇಲ್ಲ ಮಾವ."

"ಸುಳ್ಳು ಹೇಳ್ಬೇಡಿ. ನಡೆಯೋ ಧಾಟಿ ನೋಡಿದ್ರೇ ಗೊತ್ತಾಗತ್ತೆ. ನಿಲ್ಲಿ, ನಿಲ್ಲಿ. ಬಿಸಿನೀರಿನ ಚೀಲ ರೆಡಿ ಇದೆ, ಈಗ ತಾನೇ ನನ್ನ ಮಂಡಿಗೆ ಇಟ್ಕೊಂಡಿದ್ದೆ. ಎರಡು ನಿಮಿಷ ಇಟ್ಬಿಡ್ತೀನಿ, ಹೂವಿನ ಹಾಗೆ ಆಗತ್ತೆ."

ಮೇಷ್ಟ್ರ ಜೀವ ಬಾಯಿಗೆ ಬಂತು. ಲಾಯರ್ ಮಾವ ರಬ್ಬರ್ ಚೀಲ ಹಿಡಿದು ಮೆಟ್ಟಿಲಿಳಿದೇ ಬಿಟ್ಟರು. ಅವರು ಬಲಕ್ಕೆ ಬಂದರೆ ಮೇಷ್ಟ್ರು ಎಡಕ್ಕೆ ತಿರುಗಿದರು, ಎಡಕ್ಕೆ ಬಂದರೆ ಬಲಕ್ಕೆ. ಬೀದಿಯ ನಡುವೆ ಇಬ್ಬರೂ ಕೊಡೆ ಮತ್ತು ಚೀಲದೊಡನೆ ಎರಡು ಸುತ್ತು ಸುತ್ತಿದರು. ಎದುರು ಮನೆಯ ಕಿಟಕಿಗಳೆಲ್ಲ ಪಟಪಟ ತೆರೆದುಕೊಂಡವು.

"ಬೇಡ ಅಂದ್ರೆ ಬೇಡ ಮಾವ! ನನ್ನ ಬೆನ್ನಿನ ಉಸಾಬರಿ ನಿಮಗ್ಯಾಕೆ?" ಎಂದು ಕೂಗಿದ ಮೇಷ್ಟ್ರು ಬಸ್ಸಿನ ಕಡೆ ಓಡಿದರು. ಓಡಿದರೆ ಬೆವರುತ್ತದೆ ಎಂಬುದು ನೆನಪಾಗಿ ಅರ್ಧದಲ್ಲೇ ನಿಂತರು. ಮೊದಲ ಬಸ್ಸು ಹೋಯಿತು. ಹೋಗಲಿ. ನಿಧಾನವಾಗಿ, ಮದುಮಗಳ ಹಾಗೆ ಹೆಜ್ಜೆ ಇಡುತ್ತ ನಡೆದರು.

ಲಾಯರ್ ಮಾವ ಮಾತ್ರ ಚೀಲ ಹಿಡಿದು ಬೀದಿಯಲ್ಲೇ ನಿಂತಿದ್ದರು. ಉಪಕಾರ ಮಾಡಲು ಹೋಗಿ ಬೈಸಿಕೊಂಡ ಮನುಷ್ಯನ ಮುಖ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಈಜುಕೊಳದ ಬಾಗಿಲಿನಲ್ಲಿ ಟಿಕೆಟ್ ಕೊಡುವ ಅಕ್ಕ ಒಂದು ದೊಡ್ಡ ಮೂಟೆಯ ಪಕ್ಕ ಮೂಗು ಮುಚ್ಚಿಕೊಂಡು ಕೂತಿದ್ದರು. ಇಷ್ಟಗಲದ ಕೋಣೆಯಲ್ಲಿ ಅರ್ಧವನ್ನು ಆ ಮೂಟೆಯೇ ನುಂಗಿತ್ತು, ಮಿಕ್ಕರ್ಧವನ್ನು ನುಸಿಗುಳಿಗೆಯ ವಾಸನೆ.

"ಏನಕ್ಕಾ ಇದು?"

"ಕೇಳ್ಬೇಡಿ ಮೇಷ್ಟ್ರೇ. ಮ್ಯಾನೇಜರು ನಿನ್ನೆ ತಂದಿಟ್ರು. ಸಂಜೆ ಇದನ್ನ ಹಾಕ್ಕೊಂಡು ಗೇಟಲ್ಲಿ ನಿಂತ್ಕೋಮ್ಮಾ ಅಂದ್ರು. ನನ್ನ ವಯಸ್ಸಿಗೆ ಇದೆಲ್ಲ ಬೇಕಾ? ಜಪ್ಪಯ್ಯ ಅಂದ್ರೂ ಹಾಕಲ್ಲ ಅಂದ್ಬಿಟ್ಟೆ." ಅಷ್ಟು ಹೇಳಿ ಅಕ್ಕ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಸ ಅಂಗಿ, ಕೊಡೆ, ನೆಟ್ಟಗಿನ ನಿಲುವು. ಕುರ್ಚಿ ತೋರಿಸಿದರೆ ತುದಿಯಲ್ಲಿ ಕೂತರೇ ಹೊರತು ಒರಗಲಿಲ್ಲ. ಅಕ್ಕನ ಕಣ್ಣು ದೊಡ್ಡದಾಯಿತು.

"ಓಹೋ! ಈಗ ಗೊತ್ತಾಯ್ತು ಬಿಡಿ. ಸಿಕ್ತಲ್ಲ?"

"ಏನು ಸಿಕ್ತು?"

"ನನ್ನ ಹತ್ರ ನಾಟಕ ಬೇಡ. ನಿನ್ನೆವರೆಗೂ ಬೆನ್ನು ಬಗ್ಗಿಸಿ ಓಡಾಡ್ತಿದ್ದ ಮನುಷ್ಯ ಇವತ್ತು ದೊರೆ ಥರ ಬಂದಿದ್ದೀರಿ ಅಂದ್ರೆ ಸುಮ್ನೇನಾ? ಖಾಯಂ ಆಯ್ತು ನಿಮ್ಗೆ! ಮ್ಯಾನೇಜರು ಗುಟ್ಟಾಗಿ ಹೇಳಿದ್ದಾರೆ!"

ಮೇಷ್ಟ್ರು ಇಲ್ಲ ಇಲ್ಲ ಎಂದಷ್ಟೂ ಅಕ್ಕನಿಗೆ ಹೌದು ಹೌದು ಎಂದೇ ಕೇಳಿಸಿತು. ಅಕ್ಕನ ಕಿವಿಗೆ ಬಿದ್ದ ಮಾತು ಟಿಕೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಎಲ್ಲರ ಕೈಗೂ ಹೋಗುತ್ತಿತ್ತು. ಮೇಷ್ಟ್ರು ಕೊಳದ ಅಂಚು ಮುಟ್ಟುವ ಮುಂಚೆ ಸುದ್ದಿ ಅಲ್ಲಿಗೆ ಮುಟ್ಟಿತ್ತು.

ಮೊದಲು ಓಡಿ ಬಂದವನು ಬೆಣ್ಣೆ ಮೇಷ್ಟ್ರು. ಹೊಟ್ಟೆಯೊಳಗೆ ಎಷ್ಟು ಉರಿಯಿತ್ತೋ ಮುಖದಲ್ಲಿ ಅಷ್ಟೇ ನಗು. "ಅಣ್ಣಾ! ಕಂಗ್ರಾಚುಲೇಷನ್ಸ್ ಅಣ್ಣಾ!" ಎಂದವನೇ ಮೇಷ್ಟ್ರ ಬೆನ್ನಿಗೆ ಫಟೀರೆಂದು ಒಂದು ಬಿಟ್ಟ.

ಮೇಷ್ಟ್ರ ಕಣ್ಣ ಮುಂದೆ ಹಗಲಲ್ಲೇ ನಕ್ಷತ್ರ ಮಿನುಗಿದವು. ಕಣ್ಣಿನಿಂದ ನೀರು ಬುಳಬುಳನೆ ಇಳಿಯಿತು.

"ನೋಡ್ರೋ, ಅಣ್ಣ ಖುಷಿಗೆ ಅಳ್ತಾ ಇದ್ದಾರೆ!" ಎಂದ ಬೆಣ್ಣೆ. ಅದನ್ನು ಕಂಡು ಕೊಳ ತೊಳೆಯುವವರು, ತಂಪು ಪಾನೀಯ ಮಾರುವವರು, ಬೆಳಗಿನ ಬ್ಯಾಚಿನ ಗುಂಡಣ್ಣಂದಿರು ಎಲ್ಲರೂ ಒಬ್ಬೊಬ್ಬರಾಗಿ ಕೈ ಎತ್ತಿಕೊಂಡು ಬಂದರು. ಜನರಿಗೆ ಖುಷಿಯಾದರೆ ಯಾಕೆ ಬೆನ್ನೇ ಬೇಕೋ, ಕೈ ಕುಲುಕಿದರೆ ಸಾಲದೇ ಎಂದು ಮೇಷ್ಟ್ರಿಗೆ ರೋಸಿಹೋಯಿತು. ಬಂದವರಿಗೆಲ್ಲ ಎದೆ ತೋರಿಸುತ್ತ, ಗಿರಗಿರ ತಿರುಗುತ್ತ, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಕೊನೆಗೆ ಕಾವಲುಗಾರರು ಕೂರುವ ಎತ್ತರದ ಕುರ್ಚಿಯನ್ನು ಏಣಿ ಹತ್ತಿ ಸೇರಿದರು. ಅಲ್ಲಿಗೆ ಯಾರ ಕೈಯೂ ಎಟಕುತ್ತಿರಲಿಲ್ಲ.

ಆ ದಿನದ ಪಾಠ ಅಲ್ಲಿಂದಲೇ ನಡೆಯಿತು. ತಲೆಯ ಮೇಲೆ ಕೊಡೆ, ಬಾಯಲ್ಲಿ ಸೀಟಿ, ಒರಗದ ಬೆನ್ನು. ಕೆಳಗೆ ಮಕ್ಕಳು ಕಾಲು ಬಡಿದು ನೀರು ಚಿಮ್ಮಿಸಿದರೆ ಮೇಷ್ಟ್ರು ಕೊಡೆಯನ್ನು ಗುರಾಣಿಯಂತೆ ಹಿಡಿದು ತಡೆದರು. ಕೊಳದ ನೀರಿನ ಒಂದು ಹನಿಯೂ ಬೆನ್ನಿಗೆ ತಾಕಲಿಲ್ಲ. ನೀರಿಗೆ ಯಾಕೆ ಇಳಿಯಲ್ಲ ಎಂದು ಕೇಳಿದವರಿಗೆಲ್ಲ "ನೆಗಡಿ" ಎಂದು ಒಂದೇ ಉತ್ತರ ಕೊಟ್ಟರು.

ಬೆನ್ನು ತುರಿಸತೊಡಗಿತು. ಎಂಥ ತುರಿಕೆ ಅಂತೀರಿ, ಇರುವೆಗಳು ಸಾಲು ಹಿಡಿದು ಮೆರವಣಿಗೆ ಹೊರಟಂತೆ. ಕುರ್ಚಿಯ ಬೆನ್ನಿಗೊಂದು ಒರಟು ಹಲಗೆ ಇತ್ತು. ಬಾ, ಒಂದೇ ಒಂದು ಸಲ ಉಜ್ಜು ಬಾ, ಎಂದು ಅದು ಕರೆಯುವಂತಿತ್ತು. ಮೇಷ್ಟ್ರು ಹಲ್ಲು ಕಚ್ಚಿ ಕೂತರು. ಸಿಸ್ಟರ ಕೊಂಕು ತುಟಿ ನೆನಪಿಸಿಕೊಂಡರು. ಚಳಿಗಾಲದ ಹೊಲಿಗೆ ಮಿಷನ್ನು ನೆನಪಿಸಿಕೊಂಡರು. ಕೆರೆಯಲಿಲ್ಲ.

ಅಷ್ಟರಲ್ಲಿ ಬಾಗಿಲಿನ ಕಡೆಯಿಂದ ಲಾಯರ್ ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು. ಮಂಡಿ ನೋವಿಗೆ ಈಜಬೇಕೆಂದು ಯಾರೋ ಹೇಳಿದ್ದರಂತೆ. ಶವರಿನ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು ಇತ್ತು: ಮೈಮೇಲೆ ಗುಳ್ಳೆ, ದದ್ದು, ಚುಕ್ಕೆ ಇರುವವರು ನೀರಿಗಿಳಿಯಕೂಡದು. ಆ ಬೋರ್ಡನ್ನು ಹಟ ಹಿಡಿದು ಬರೆಸಿದ್ದೇ ನಮ್ಮ ಮೇಷ್ಟ್ರು. ನೀರಿಗಿಳಿಯುವ ಪ್ರತಿಯೊಬ್ಬರ ಮೈಯನ್ನೂ ಅವರೇ ಪರೀಕ್ಷೆ ಮಾಡುತ್ತಿದ್ದರು, ಅದರಲ್ಲಿ ಮುಲಾಜಿಲ್ಲ. ಕುರ್ಚಿಯ ಮೇಲಿಂದಲೇ ಬಗ್ಗಿ ನೋಡಿದರು. ಲಾಯರ್ ಮಾವನ ಬೆನ್ನಿನ ತುಂಬ ಬೆವರುಸಾಲೆ.

"ಮಾವ, ಇಳೀಬೇಡಿ! ಗುಳ್ಳೆ ಇದೆ."

"ಬರೀ ಬೆವರುಸಾಲೆ ಕಣ್ರೀ. ಅಂಟೋದಲ್ಲ."

"ಏನಾದ್ರೂ ಇರ್ಲಿ. ಗುಳ್ಳೆ ಹೋಗಿ ಒಂದು ವಾರ ಆದ್ಮೇಲೆ ಬನ್ನಿ."

"ಬೋರ್ಡಲ್ಲಿ ವಾರದ ಮಾತಿಲ್ಲ!"

"ಬೋರ್ಡಲ್ಲಿ ಇಲ್ಲದ್ದು ನನ್ನ ಬಾಯಲ್ಲಿದೆ. ನಿಯಮ ಅಂದ್ರೆ ನಿಯಮ ಮಾವ. ನನ್ನಪ್ಪ ಬಂದ್ರೂ ಅಷ್ಟೇ, ನಾನೇ ಬಂದ್ರೂ ಅಷ್ಟೇ."

ಜೀವಮಾನವಿಡೀ ವಾದ ಮಾಡಿದ ಮನುಷ್ಯ ಮೊದಲ ಸಲ ಬಾಯಿ ಮುಚ್ಚಿದರು. ಬೆಳಿಗ್ಗೆ ಬೀದಿಯಲ್ಲಿ ಒಂದು, ಈಗ ಕೊಳದಲ್ಲಿ ಒಂದು. ಟವೆಲ್ಲು ಕೊಡವಿ, "ಸರಿ ಮೇಷ್ಟ್ರೇ. ಮಾತು ನೆನಪಿರಲಿ. ಸಂಜೆ ಮೊಮ್ಮಗನ್ನ ಕರ್ಕೊಂಡು ಬರ್ತೀನಿ, ಪುಟಾಣಿ ಬ್ಯಾಚಿಗೆ," ಎಂದು ಹೊರಟುಹೋದರು.

ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ಜೆಲ್ಲು ಹಚ್ಚಿಕೊಳ್ಳಲು ಬಟ್ಟೆ ಬದಲಿಸುವ ಕೋಣೆ ಸೇರಿದರು. ಬಾಗಿಲು ಹಾಕಿ, ಅಂಗಿ ಕಳಚಿ, ಡಬ್ಬಿ ತೆರೆದ ಮೇಲೆ ಹೊಳೆಯಿತು: ತನ್ನ ಬೆನ್ನು ತನ್ನ ಕೈಗೆ ಸಿಗುವುದಿಲ್ಲ. ಮೇಲಿಂದ ಪ್ರಯತ್ನಿಸಿದರು, ಕೆಳಗಿಂದ ಪ್ರಯತ್ನಿಸಿದರು. ಬೆನ್ನಿನ ನಟ್ಟನಡುವೆ ಒಂದು ಅಂಗೈಯಗಲ ಜಾಗ ಬೇರೆ ದೇಶದ ಹಾಗೆ ದೂರವೇ ಉಳಿಯಿತು. ಯಾರನ್ನಾದರೂ ಕರೆಯೋಣವೆಂದರೆ ಗುಟ್ಟು ರಟ್ಟು.

ಆದರೆ ಹಟವೆಂದರೆ ಹಟ. ಮೂಲೆಯಲ್ಲಿ ಕೊಳದ ಎಲೆ ಬಾಚುವ ಉದ್ದನೆ ಕೋಲಿತ್ತು. ಅದರ ತುದಿಗೆ ತಮ್ಮ ಮಡಿಸಿದ ಶುಭ್ರ ಕರವಸ್ತ್ರ ಕಟ್ಟಿ, ಜೆಲ್ಲು ಬಳಿದು, ಭುಜದ ಮೇಲಿಂದ ಹಿಂದಕ್ಕೆ ತೂರಿಸಿ, ಕನ್ನಡಿಯಲ್ಲಿ ನೋಡುತ್ತ ಮೆಲ್ಲಮೆಲ್ಲಗೆ ಸವರಿಕೊಂಡರು. ಆಹಾ, ತಂಪೆಂದರೆ ತಂಪು! ಕಣ್ಣು ಮುಚ್ಚಿ ಇನ್ನೊಂದು ಸಲ ಸವರುವಷ್ಟರಲ್ಲಿ ಕೋಲಿನ ಇನ್ನೊಂದು ತುದಿ ಬಾಗಿಲಿಗೆ ಬಡಿದು ಚಿಲಕ ಸರಿಯಿತು.

ಬಾಗಿಲ ಸಂದಿಯಲ್ಲಿ ಮ್ಯಾನೇಜರ ಮುಖ. ಕೈಯಲ್ಲಿ ಫೋನು.

"ಏನ್ರೀ ಮೇಷ್ಟ್ರೇ, ಒಳಗೆ ದೋಣಿಗೆ ಹುಟ್ಟು ಹಾಕ್ತಾ ಇದ್ದೀರಾ?"

ಮೇಷ್ಟ್ರು ಮಿಂಚಿನಂತೆ ತಿರುಗಿ ಬೆನ್ನನ್ನು ಗೋಡೆಯ ಕಡೆ ಮಾಡಿದರು, ಗೋಡೆಗೆ ತಾಕದ ಹಾಗೆ. "ವ್ಯಾಯಾಮ ಸಾರ್."

"ಮಾಡಿ, ಮಾಡಿ. ಅದಕ್ಕೆ ಮುಂಚೆ ಸ್ವಲ್ಪ ಈ ಕಡೆ ತಿರುಗಿ. ನಿಮ್ಮ ಬೆನ್ನಿಂದು ಒಂದು ಫೋಟೋ ಬೇಕು."

"ಯಾಕೆ ಸಾರ್?"

"ಯಾಕೆ ಅಂತ ಸಂಜೆ ಗೊತ್ತಾಗತ್ತೆ." ಮತ್ತೆ ಅದೇ ಮುಸಿಮುಸಿ ನಗು.

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಅಪ್ಪ ಅಮ್ಮಂದಿರ ಮುಂದೆ ಫೋಟೋ ಹಿಡಿದು, ನೋಡಿ, ಇಂಥ ಬೆನ್ನಿನವರಿಗೆ ಮಕ್ಕಳನ್ನು ಒಪ್ಪಿಸುವುದು ಹೇಗೆ, ಎಂದು ತನ್ನನ್ನು ನಾಜೂಕಾಗಿ ಕೈಬಿಡುವ ಉಪಾಯ ಇದು! ಈಗಲೇ ತಿರುಗಿ ನುಣುಪು ಬೆನ್ನು ತೋರಿಸಿಬಿಡಲೇ ಎನಿಸಿತು. ಆದರೆ ಚುಕ್ಕೆಗಳಿನ್ನೂ ಕೆಂಪಗಿವೆ. ಸಂಜೆಯವರೆಗೆ ಇನ್ನಷ್ಟು ಇಳಿಯಲಿ. ಎಲ್ಲರೆದುರಿಗೇ ತೋರಿಸಿ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡರು.

"ಫೋಟೋ ಬೇಡ ಸಾರ್. ಸಂಜೆ ಬೆನ್ನನ್ನೇ ತೋರಿಸ್ತೀನಿ."

ಮ್ಯಾನೇಜರಿಗೆ ಎಲ್ಲಿಲ್ಲದ ಸಂತೋಷವಾಯಿತು. "ಭೇಷ್! ಅದು ಇನ್ನೂ ಚೆನ್ನ!" ಎಂದು ಬೆನ್ನು ತಟ್ಟಲು ಕೈ ಎತ್ತಿದರು. ಮೇಷ್ಟ್ರು ಕೋಲು ಅಡ್ಡ ಹಿಡಿದರು.

ಸಂಜೆಯಾಯಿತು. ಬಿಸಿಲು ಮರಗಳ ಹಿಂದೆ ಸರಿಯಿತು. ಕೊಳದ ಸುತ್ತ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ಅವರ ತೊಡೆಗಳಲ್ಲಿ ಪುಟಾಣಿಗಳು. ಮುಂದಿನ ಸಾಲಿನಲ್ಲಿ ಲಾಯರ್ ಮಾವ, ಮಗ್ಗುಲಲ್ಲಿ ಮೊಮ್ಮಗ. ಮ್ಯಾನೇಜರ ಮೊಮ್ಮಗಳು ಹೊಸ ಈಜುಡುಗೆಯಲ್ಲಿ ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದಳು. ಮೇಷ್ಟ್ರ ಹಿಂದುಗಡೆ ಒಂದು ಎತ್ತರದ ಬೋರ್ಡು, ಅದಕ್ಕೊಂದು ಬಿಳಿ ಬಟ್ಟೆ ಹೊದಿಸಿತ್ತು. ಅದರ ಹಗ್ಗ ಟಿಕೆಟ್ ಅಕ್ಕನ ಕೈಯಲ್ಲಿ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಪುಟಾಣಿಗಳ ಬ್ಯಾಚಿಗೆ ಮೇಷ್ಟ್ರು ಯಾರು ಅಂತ ಎಲ್ರೂ ಕೇಳ್ತಾ ಇದ್ರಿ. ನಂಗೆ ಎರಡನೇ ಯೋಚನೆಯೇ ಇರ್ಲಿಲ್ಲ. ನಮ್ಮ ಕರಡಿ ಮೇಷ್ಟ್ರು!"

ಚಪ್ಪಾಳೆ ಬಿತ್ತು. ಬೆಣ್ಣೆ ಮೇಷ್ಟ್ರ ಮುಖ ಇಳಿಯಿತು. ಕರಡಿ ಮೇಷ್ಟ್ರಿಗೆ ಒಂದು ಕ್ಷಣ ಕಿವಿಯನ್ನೇ ನಂಬಲಾಗಲಿಲ್ಲ. ಖಾಯಂ! ಚಳಿಗಾಲಕ್ಕೂ ಸಂಬಳ! ಕರಡಿ ಎಂಬ ಹೆಸರಿಗೇ ಹೆದರಿರಬಹುದಾದ ಮಕ್ಕಳಿಗೆ ಧೈರ್ಯ ತುಂಬಬೇಕು, ಈ ಮನುಷ್ಯ ಕರಡಿಯಲ್ಲ ಎಂದು ಎಲ್ಲರಿಗೂ ತೋರಿಸಬೇಕು. ಇಡೀ ದಿನ ಜೀವದಂತೆ ಕಾಪಾಡಿಕೊಂಡ ಬೆನ್ನು ಇನ್ಯಾವಾಗಕ್ಕೆ?

"ಹೆದರ್ಬೇಡಿ ಮಕ್ಕಳೇ! ಇಲ್ಲಿ ನೋಡಿ!" ಎಂದು ಕೂಗಿದವರೇ ಭಾವಮೈದುನನ ಅಂಗಿಯನ್ನು ಒಂದೇ ಎಳೆತಕ್ಕೆ ತಲೆಯ ಮೇಲಿಂದ ಕಿತ್ತೆಸೆದು, ಸಭೆಗೆ ಬೆನ್ನು ಮಾಡಿ ಕೈಗಳನ್ನು ಚಾಚಿ ನಿಂತರು.

ಅದೇ ಕ್ಷಣಕ್ಕೆ ಟಿಕೆಟ್ ಅಕ್ಕ ಹಗ್ಗ ಎಳೆದರು.

ಬಟ್ಟೆ ಜಾರಿತು. ಸಭೆಗೆ ಬೆನ್ನು ಮಾಡಿದ್ದರಿಂದ ಮೇಷ್ಟ್ರ ಮುಖ ಬೋರ್ಡಿನ ಎದುರಿಗೇ ಇತ್ತು. ಬೋರ್ಡಿನಲ್ಲಿ ನೀಲಿ ನೀರು. ನೀರಿನಲ್ಲಿ ಮೈ ತುಂಬ ಕಪ್ಪು ಕೂದಲಿನ, ನಗುಮುಖದ, ದೊಡ್ಡದೊಂದು ಕರಡಿ. ಅದರ ಬೆನ್ನ ಮೇಲೆ ಕೂದಲು ಹಿಡಿದು ಕೂತ ಪುಟಾಣಿಗಳು. ಮೇಲೆ ಕೊಬ್ಬಿದ ಅಕ್ಷರಗಳಲ್ಲಿ: ಬನ್ನಿ ಮಕ್ಕಳೇ, ಕರಡಿ ಮೇಷ್ಟ್ರ ಬೆನ್ನೇರಿ ಈಜೋಣ!

ಮ್ಯಾನೇಜರ ಮೊಮ್ಮಗಳು ಕುಣಿಯುವುದನ್ನು ನಿಲ್ಲಿಸಿ ಬೋರ್ಡನ್ನು ನೋಡಿದಳು, ಬೆನ್ನನ್ನು ನೋಡಿದಳು.

"ತಾತಾ... ಕರಡಿ ಎಲ್ಲೋಯ್ತು?"

ಕೇಳಿದವಳೇ ಬಾಯಿ ತೆರೆದು ಗೊಳೋ ಎಂದು ಅತ್ತಳು. ಒಂದು ಅತ್ತರೆ ಉಳಿದವು ಸುಮ್ಮನಿರುತ್ತವೆಯೇ? ಎಲ್ಲವೂ ರಾಗ ತೆಗೆದವು.

"ಏನ್ರೀ ಮಾಡ್ಕೊಂಡ್ರಿ!" ಮ್ಯಾನೇಜರು ತಲೆ ಮೇಲೆ ಕೈ ಹೊತ್ತರು. "ಅವತ್ತು ನಿಮ್ಮನ್ನ ನೋಡಿದಾಗಿಂದ ಈ ಮಗು ಕರಡಿ ಕರಡಿ ಅಂತ ಕುಣೀತಾ ಇದೆ ಕಣ್ರೀ! ಕಿರುಚಿದ್ದು ಖುಷಿಗೆ! ನೀರಿಗೆ ಹಾರ್ತೀನಿ ಅಂತ ಕೊಸರಾಡಿದ್ದಕ್ಕೆ ನಾನು ಎತ್ಕೊಂಡು ಓಡಿದ್ದು! ಈ ಬ್ಯಾಚು ಹುಟ್ಟಿದ್ದೇ ನಿಮ್ಮ ಬೆನ್ನಿಂದ!"

ಆದರೂ ಮೇಷ್ಟ್ರು ಹಟದ ಮನುಷ್ಯ, ಕೈಬಿಡಲಿಲ್ಲ. "ಸಾರ್, ಇದು ಮೊದಲ ಸಲ ಅಷ್ಟೇ. ಮುಂದಿನ ಸಲ ಲೇಸರಿಗೆ ಹೋಗದಿದ್ರೆ ಒಂದಷ್ಟು ಮತ್ತೆ ಬೆಳೆಯತ್ತೆ. ಅಲ್ಲೀವರೆಗೆ ಏನಾದ್ರೂ..."

ಮ್ಯಾನೇಜರ ಕಣ್ಣು ಟಿಕೆಟ್ ಕೋಣೆಯ ಕಡೆ ಹೊರಳಿತು. "ಅಕ್ಕಾ! ಆ ಮೂಟೆ!"

ಮೂಟೆ ಬಂತು. ಬಿಚ್ಚಿದರು. ಒಳಗಿಂದ ನಾಟಕದ ಅಂಗಡಿಯ ಬಾಡಿಗೆ ಕರಡಿ ವೇಷ ಎದ್ದು ಬಂತು. ದಪ್ಪ, ಬಿಸಿ, ಬಿಗಿ, ನುಸಿಗುಳಿಗೆಯ ಘಾಟು. ಗೇಟಿನಲ್ಲಿ ನಿಲ್ಲಲು ಅಕ್ಕ ಒಲ್ಲೆನೆಂದದ್ದು ಇದನ್ನೇ. "ಮೊದಲನೇ ವಾರ ಮೆಟ್ಟಿಲ ಮೇಲೆ ಕೂತು ಕಾಲು ನೆನೆಸೋದಷ್ಟೇ. ನೀರಿಗಿಳಿಯೋ ಹೊತ್ತಿಗೆ ಮಕ್ಕಳು ಹೊಂದ್ಕೊಂಡಿರ್ತವೆ. ಹಾಕ್ಕೊಳ್ಳಿ!" ಎಂದರು ಮ್ಯಾನೇಜರು.

ಸಿಸ್ಟರು ಬೇಡವೆಂದದ್ದೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿದು ಎದುರಿಗಿಟ್ಟಂತಿತ್ತು. ಮೇಷ್ಟ್ರು ಅದನ್ನು ಮೇಲಿಂದ ಕೆಳಗೆ ನೋಡಿದರು. ಖಾಯಂ. ಹೊಲಿಗೆ ಮಿಷನ್ನು. ಚರ್ಮ ಹೋದರೆ ಹೋಗಲಿ, ಎಂದು ವೇಷದ ಒಂದು ಕಾಲಿನೊಳಗೆ ತಮ್ಮ ಕಾಲು ತೂರಿಸಿಯೂ ಬಿಟ್ಟರು.

"ಒಂದು ನಿಮಿಷ!"

ಲಾಯರ್ ಮಾವ ಎದ್ದು ನಿಂತಿದ್ದರು. ಕೋರ್ಟಿನಲ್ಲಿ ನಿಂತಿದ್ದಂತೆಯೇ, ಒಂದು ಕೈ ಎದೆಯ ಮೇಲೆ.

"ಮ್ಯಾನೇಜರೇ, ಈ ಬೆನ್ನಿನ ಮೇಲಿರೋ ಕೆಂಪು ಚುಕ್ಕೆಗಳನ್ನ ಸಭೆ ಗಮನಿಸ್ಬೇಕು. ಆ ಗೋಡೆ ಮೇಲಿರೋ ಬೋರ್ಡನ್ನೂ ಗಮನಿಸ್ಬೇಕು. ಗುಳ್ಳೆ, ದದ್ದು, ಚುಕ್ಕೆ."

"ಮಾವ, ಇದು ಲೇಸರಿಂದು! ಅಂಟೋದಲ್ಲ!"

"ಏನಾದ್ರೂ ಇರ್ಲಿ. ಹೋಗಿ ಒಂದು ವಾರ ಆದ್ಮೇಲೆ ಬನ್ನಿ. ಬೋರ್ಡಲ್ಲಿ ವಾರದ ಮಾತಿಲ್ಲ ನಿಜ, ಆದರೆ ಬೆಳಿಗ್ಗೆ ನಿಮ್ಮ ಬಾಯಲ್ಲಿತ್ತು. ನಿಯಮ ಅಂದ್ರೆ ನಿಯಮ. ನಾನೇ ಬಂದ್ರೂ ಅಷ್ಟೇ ಅಂದಿದ್ದು ಯಾರು ಮೇಷ್ಟ್ರೇ?"

ಅಮ್ಮಂದಿರು ಮಕ್ಕಳನ್ನು ತೊಡೆಗೆ ಇನ್ನಷ್ಟು ಎಳೆದುಕೊಂಡರು. ತಾವೇ ಬರೆಸಿದ ಬೋರ್ಡಿಗೆ, ತಾವೇ ಆಡಿದ ಮಾತಿಗೆ ಉತ್ತರ ಎಲ್ಲಿಂದ ತರುವುದು? ಮೇಷ್ಟ್ರು ಮೆಲ್ಲಗೆ ಕಾಲನ್ನು ವೇಷದಿಂದ ಹೊರಗೆ ತೆಗೆದರು.

ತೆಗೆದದ್ದೇ ತಡ, ಆ ಕಾಲಿನ ಜಾಗಕ್ಕೆ ಇನ್ನೊಂದು ಕಾಲು ಬಂತು. ನುಣ್ಣನೆಯ ಕಾಲು. ಬೆಣ್ಣೆ ಮೇಷ್ಟ್ರು ಯಾರಿಗೂ ಹೇಳದೆ ಕೇಳದೆ ಸರಸರ ವೇಷದೊಳಗೆ ನುಗ್ಗಿ, ತಲೆ ಸಿಕ್ಕಿಸಿಕೊಂಡು, ನಾಲ್ಕು ಕಾಲಲ್ಲಿ ನಿಂತು "ಗುರ್ರ್!" ಎಂದ.

ಅಳು ಸ್ವಿಚ್ಚು ಆರಿಸಿದಂತೆ ನಿಂತಿತು. "ಕರಡೀ!" ಎಂದು ಮ್ಯಾನೇಜರ ಮೊಮ್ಮಗಳು ಕಿರುಚಿದಳು. ಮರದ ಕಾಗೆಗಳು ಮತ್ತೆ ಹಾರಿದವು. ಪುಟಾಣಿಗಳೆಲ್ಲ ತೊಡೆಗಳಿಂದ ಜಾರಿ, ಓಡಿ, ಬೆಣ್ಣೆಯ ಬೆನ್ನೇರಿದವು. "ಕರಡಿ ಮೇಷ್ಟ್ರು! ಕರಡಿ ಮೇಷ್ಟ್ರು!" ಎಂದು ಕೂಗಾಟ. ಮ್ಯಾನೇಜರು ಅಲ್ಲಿಯೇ ಅವನ ಕೈ ಕುಲುಕಿ ಖಾಯಂ ಎಂದರು.

ಹೀಗೆ ಒಂದೇ ಸಂಜೆಯಲ್ಲಿ ನಮ್ಮ ಮೇಷ್ಟ್ರಿಗೆ ಕೂದಲು ಹೋಯಿತು, ಕೈಗೆ ಬಂದ ಖಾಯಂ ಕೆಲಸ ಹೋಯಿತು, ಬೇಡ ಬೇಡವೆಂದರೂ ಬಿಡದೆ ಅಂಟಿಕೊಂಡಿದ್ದ ಹೆಸರೂ ಹೋಯಿತು. ಅಂಗಿ ಹುಡುಕಿಕೊಂಡು ಹೊರಡುವಾಗ ಲಾಯರ್ ಮಾವನ ಮೊಮ್ಮಗ ಅವರ ಬೋಳು ಬೆನ್ನನ್ನೇ ನೋಡುತ್ತ, "ತಾತ, ಇವರು ಬೆಣ್ಣೆ ಮೇಷ್ಟ್ರಾ?" ಎಂದು ಕೇಳಿದ. ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕರು. ಹೆಸರು ಅಲ್ಲೇ ಅಂಟಿತು.

ಮನೆಗೆ ಬಂದವರು ನೇರವಾಗಿ ಮಂಚದ ಮೇಲೆ ಬೋರಲು ಬಿದ್ದುಕೊಂಡರು. ನಡೆದದ್ದನ್ನೆಲ್ಲ ದಿಂಬಿಗೇ ಹೇಳಿದರು. ಹೆಂಡತಿ ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು, ತಣ್ಣನೆ ಒದ್ದೆ ಬಟ್ಟೆ ಹಿಂಡಿ ತಂದು, ಅಂಗಿ ಮೇಲೆತ್ತಿ ದೀಪದ ಬೆಳಕಿನಲ್ಲಿ ಬೆನ್ನನ್ನು ಬಗ್ಗಿ ಬಗ್ಗಿ ನೋಡಿದಳು.

"ರೀ, ಚುಕ್ಕೆಗಳೆಲ್ಲ ಆಗಲೇ ಇಳೀತಾ ಇವೆ ಕಣ್ರೀ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಸಿಸ್ಟರ್ ಹೇಳಿದ್ದಕ್ಕೆ ಎಳ್ಳಷ್ಟೂ ತಪ್ಪಿಲ್ಲ ನೀವು." ಸಮಾಧಾನ ಮಾಡಬೇಕೆಂದು ಪ್ರೀತಿಯಿಂದ ಸೇರಿಸಿದಳು: "ಬೆಣ್ಣೆ ಕಣ್ರೀ, ಅಪ್ಪಟ ಬೆಣ್ಣೆ!"

ಮೇಷ್ಟ್ರು ದಿಂಬನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಹಲ್ಲು ಬಿಡದೆಯೇ, "ಜೆಲ್ಲು ಹಚ್ಚು," ಎಂದರು. "ಇನ್ನೂ ಒಂದು ದಿನ ಬಾಕಿ ಇದೆ."